ಓದದೆ ಬಂದವರಿಗೂ ಒಂದು ಕುರ್ಚಿ ಇರಲಿ: ಹದಿಹರೆಯದವರ ಬುಕ್ ಕ್ಲಬ್ ನಡೆಸುವುದು ಹೇಗೆ?

ಪ್ರಶ್ನೆ: ನಾನು ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಐದು ತಿಂಗಳ ಹಿಂದೆ 13ರಿಂದ 17 ವರ್ಷದ ಮಕ್ಕಳಿಗಾಗಿ ಬುಕ್ ಕ್ಲಬ್ ಶುರು ಮಾಡಿದೆ. ತಿಂಗಳಿಗೊಂದು ಪುಸ್ತಕ ನಾನೇ ಆರಿಸುತ್ತೇನೆ, ಕೊನೆಯ ಶನಿವಾರ ಬೆಳಿಗ್ಗೆ ಕೂತು ಚರ್ಚೆ ಮಾಡುತ್ತೇವೆ. ಮೊದಲ ಸಲ 14 ಮಂದಿ ಬಂದಿದ್ದರು. ಈಗ ನಾಲ್ವರು. ಅವರಲ್ಲೂ ಇಬ್ಬರು ಪುಸ್ತಕ ಓದಿರುವುದಿಲ್ಲ. ಒಬ್ಬ ಹುಡುಗ ಪೂರ್ತಿ ಹೊತ್ತು ಮಾತಾಡುತ್ತಾನೆ, ಉಳಿದವರು ಫೋನ್ ನೋಡುತ್ತಾ ಕೂರುತ್ತಾರೆ. ಹೋದ ತಿಂಗಳ ಪುಸ್ತಕದ ಬಗ್ಗೆ ಒಬ್ಬ ತಾಯಿ ಬಂದು ಆಕ್ಷೇಪ ಹೇಳಿದರು. ‘ಸಂಖ್ಯೆ ಜಾಸ್ತಿ ಮಾಡಿ, ಇಲ್ಲವೇ ನಿಲ್ಲಿಸಿ’ ಎಂದು ಮೇಲಧಿಕಾರಿಗಳು ಹೇಳುತ್ತಿದ್ದಾರೆ. ಬಹುಮಾನ ಇಟ್ಟರೆ ಬರುತ್ತಾರಾ? ಏನು ಮಾಡಲಿ?

ಉತ್ತರ: ನಾಲ್ವರು ಬರುತ್ತಿದ್ದಾರಲ್ಲ, ಹಾಗಾದರೆ ಕ್ಲಬ್ ಇನ್ನೂ ಬದುಕಿದೆ. ಅವರಲ್ಲಿ ಓದದೆ ಬರುವ ಆ ಇಬ್ಬರ ಬಗ್ಗೆ ಮೊದಲು ಯೋಚಿಸಿ. ಪುಸ್ತಕ ತೆರೆದಿಲ್ಲ, ಆದರೂ ರಜೆಯ ದಿನ ಎದ್ದು ಬರುತ್ತಾರೆ. ಅಂದರೆ ಅವರಿಗೆ ಅಲ್ಲಿ ಏನೋ ಬೇಕಾಗಿದೆ. ಬರುವುದನ್ನು ಬಿಟ್ಟ ಹತ್ತು ಮಂದಿಯಲ್ಲೂ ಅನೇಕರಿಗೆ ಅದು ಬೇಕಿದ್ದಿರಬಹುದು. ಆದರೆ ಪುಸ್ತಕ ಅರ್ಧಕ್ಕೆ ನಿಂತಿತ್ತು. ಮುಗಿಸದೆ ಹೋದರೆ ಮರ್ಯಾದೆ ಹೋಗುತ್ತದೆ ಅಂತ ಮನೆಯಲ್ಲೇ ಉಳಿದರು. ಹದಿಹರೆಯದವರ ಕ್ಲಬ್‌ಗಳು ಖಾಲಿಯಾಗುವುದಕ್ಕೆ ನಾನು ಮತ್ತೆ ಮತ್ತೆ ಕಂಡಿರುವ ಕಾರಣ ಇದು. ಓದು ಬೇಸರವಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಅವರಿಗೆ ಆಗಿರುವುದು ಹೋಂವರ್ಕ್ ಮಾಡದವರ ನಾಚಿಕೆ.

ಹಾಗಾಗಿ ಮೊದಲ ಬದಲಾವಣೆ ಇಲ್ಲಿಂದ: ಮುಗಿಸದವರೂ ಬರಬಹುದು, ಶುರುವೇ ಮಾಡದವರೂ ಬರಬಹುದು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಭೇಟಿಯನ್ನೇ ಹಾಗೆ ಕಟ್ಟಬೇಕು. ಪ್ರತಿ ಸಲ ಪುಸ್ತಕದ ಎರಡು ಮೂರು ಪುಟಗಳನ್ನು ಗಟ್ಟಿಯಾಗಿ ಓದಿ ಶುರು ಮಾಡಿ. ಒಬ್ಬರು ಜಗಳವಾಡುವ ಪುಟ, ಯಾರೋ ಸುಳ್ಳು ಹೇಳುವ ಪುಟ, ಹೀಗೆ ತಾನಾಗಿಯೇ ಅರ್ಥವಾಗುವ ಭಾಗ ಇರಲಿ. ಮೊದಲ ಇಪ್ಪತ್ತು ನಿಮಿಷ ಆ ಪುಟಗಳ ಬಗ್ಗೆ ಮಾತ್ರ ಮಾತು. ಆಗ ಪೂರ್ತಿ ಓದಿದವರೂ ಓದದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಮೇಲೆ ಪೂರ್ತಿ ಪುಸ್ತಕಕ್ಕೆ ಹೋಗಿ. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳಬಹುದಾ ಎಂದು ಪ್ರತಿ ಸಲ ಕೇಳಿಬಿಡಿ. ಬಹಳಷ್ಟು ಮಕ್ಕಳು ‘ಹೇಳಿ ಪರವಾಗಿಲ್ಲ’ ಎನ್ನುತ್ತಾರೆ. ಬೇಡ ಎನ್ನುವವರಿಗೆ ಕೊನೆಯ ಹದಿನೈದು ನಿಮಿಷ ಮುಂದಿನ ಭೇಟಿಗೆ ಪುಸ್ತಕ ಹುಡುಕುವ ಕೆಲಸ ಕೊಟ್ಟು ಕಪಾಟಿನ ಕಡೆ ಕಳಿಸಿ. ಹೀಗೆ ಓದದೆ ಬಂದವರಲ್ಲಿ ಕೆಲವರು ಭೇಟಿ ಮುಗಿದ ಮೇಲೆ ಆ ಪುಸ್ತಕವನ್ನೇ ಕೇಳಿ ಮನೆಗೆ ಒಯ್ಯುತ್ತಾರೆ. ಓದಿ ಬಂದು ಮಾತಾಡಬೇಕು ಅಂತ ನಾವು ಇಟ್ಟುಕೊಂಡ ಕ್ರಮ ಅವರಲ್ಲಿ ತಿರುಗುಮುರುಗು ಆಗುತ್ತದೆ, ಆಗಲಿ ಬಿಡಿ.

ಇನ್ನು, ಪ್ರತಿ ತಿಂಗಳೂ ಎಲ್ಲರೂ ಒಂದೇ ಪುಸ್ತಕ ಓದಬೇಕು ಅಂತ ಯಾರು ಹೇಳಿದರು? ಒಂದು ತಿಂಗಳು ಒಂದೇ ಪುಸ್ತಕ, ಮುಂದಿನ ತಿಂಗಳು ಒಂದು ವಿಷಯ, ಹೀಗೆ ಬದಲಿಸಿ ನೋಡಿ. ‘ಸಮುದ್ರ’, ‘ಸುಳ್ಳು’, ‘ಅಣ್ಣತಮ್ಮಂದಿರು’, ‘ರಾತ್ರಿ’, ಯಾವುದಾದರೂ ಸರಿ. ಆ ವಿಷಯದ ಮೇಲೆ ಅವರು ಓದಿದ ಏನನ್ನಾದರೂ ತರಬಹುದು. ಕಾಮಿಕ್ಸ್, ಕವಿತೆ, ಆಟಗಾರನ ಜೀವನಚರಿತ್ರೆ, ವಿಜ್ಞಾನದ ಪುಸ್ತಕ, ಕೇಳಿದ ಆಡಿಯೋಬುಕ್ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆಡಿಯೋಬುಕ್ ಕೇಳುವುದು ಓದಲ್ಲ ಅಂತ ವಾದ ಮಾಡಬೇಡಿ. ಅಕ್ಷರ ಓದುವುದು ಕಷ್ಟವಾಗುವ ಮಕ್ಕಳೂ ನಿಮ್ಮ ಗುಂಪಿನಲ್ಲಿ ಇರಬಹುದು, ಅವರು ಅದನ್ನು ಹೇಳಿಕೊಳ್ಳುವುದಿಲ್ಲ.

ವಿಷಯದ ಭೇಟಿಯಿಂದ ಇನ್ನೊಂದು ತಲೆನೋವೂ ಕಡಿಮೆಯಾಗುತ್ತದೆ. ಒಂದೇ ಪುಸ್ತಕದ ಹತ್ತು ಪ್ರತಿ ಸಾಮಾನ್ಯವಾಗಿ ಯಾವ ಲೈಬ್ರರಿಯಲ್ಲೂ ಇರುವುದಿಲ್ಲ. ಬೇರೆ ಶಾಖೆಗಳಿಂದ ತರಿಸಲು ವಾರಗಟ್ಟಲೆ ಬೇಕು. ಇ-ಬುಕ್ ಇದೆಯಲ್ಲ ಅಂದರೆ, ಅನೇಕ ಇ-ಬುಕ್‌ಗಳ ಲೈಸೆನ್ಸ್‌ನಲ್ಲಿ ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಓದಬಹುದು. ಹಾಗಾಗಿ ಪ್ರತಿಗಳು ಕೈಗೆ ಬಂದ ಮೇಲೆಯೇ ದಿನ ನಿಗದಿ ಮಾಡಿ. ಪ್ರತಿ ಸಿಗದ ತಿಂಗಳು ಒಂದು ಸಣ್ಣಕಥೆಯನ್ನು ಅಲ್ಲೇ ಕೂತು ಸರದಿಯ ಮೇಲೆ ಓದಿದರೂ ಭೇಟಿ ಚೆನ್ನಾಗಿಯೇ ಆಗುತ್ತದೆ.

ಪುಸ್ತಕ ಆರಿಸುವ ಕೆಲಸವನ್ನು ಇವತ್ತಿನಿಂದಲೇ ಬಿಟ್ಟುಕೊಡಿ. ಪೂರ್ತಿ ಕೈಬಿಡಿ ಅನ್ನುತ್ತಿಲ್ಲ. ಮಕ್ಕಳೂ ನೀವೂ ಸೇರಿ ಐದಾರು ಹೆಸರುಗಳ ಪಟ್ಟಿ ಮಾಡಿ. ಪ್ರತಿಯೊಂದರ ಬಗ್ಗೆ ಎರಡು ನಿಮಿಷ ಯಾರಾದರೂ ಮಾತಾಡಬೇಕು, ಕತೆಯನ್ನು ಕುತೂಹಲ ಹುಟ್ಟುವಲ್ಲಿಗೆ ತಂದು ನಿಲ್ಲಿಸಬೇಕು. ಇದು ಹಳೆಯ ಉಪಾಯ. ಅಮೆರಿಕದ ಬಾಲ್ಟಿಮೋರ್ ನಗರದ ಎನಾಕ್ ಪ್ರಾಟ್ ಲೈಬ್ರರಿಯಲ್ಲಿ 1930ರ ದಶಕದಿಂದ ಹದಿಹರೆಯದವರ ವಿಭಾಗ ಕಟ್ಟಿದ ಮಾರ್ಗರೆಟ್ ಎಡ್ವರ್ಡ್ಸ್ ತಮ್ಮ ಸಿಬ್ಬಂದಿಗೆ ಇದನ್ನೇ ಕಲಿಸಿ ಶಾಲೆಗಳಿಗೆ ಕಳಿಸುತ್ತಿದ್ದರು. ಪುಸ್ತಕವನ್ನು ಹೊಗಳುವ ಬದಲು ಅದರ ಒಂದು ಸಂದರ್ಭವನ್ನು ಹೇಳಿ ನಿಲ್ಲಿಸುವವರು ಜಾಸ್ತಿ ಗೆಲ್ಲುತ್ತಾರೆ. ಆಮೇಲೆ ಮತ. ಕೈ ಎತ್ತಿಸಬೇಡಿ, ಚೀಟಿಯಲ್ಲಿ ಬರೆಸಿ. ಕೈ ಎತ್ತಿಸಿದರೆ ಎಲ್ಲರೂ ಗುಂಪಿನ ಗಟ್ಟಿ ದನಿಯ ಕಡೆ ನೋಡಿಕೊಂಡೇ ಕೈ ಎತ್ತುವುದು.

ನಿಮಗೆ ಬೇಡ ಎನ್ನುವ ಅಧಿಕಾರ ಇರಲಿ, ಆದರೆ ಅದರ ಮಿತಿಯನ್ನು ಮೊದಲೇ ಹೇಳಿ. ‘250 ಪುಟ ದಾಟಬಾರದು, ಲೈಬ್ರರಿಯಲ್ಲಿ ಸಿಗಬೇಕು, ಗುಂಪಿನ ಅತಿ ಚಿಕ್ಕವರಿಗೂ ಸರಿಹೋಗಬೇಕು’ ಅಂತ ಮೂರು ಷರತ್ತು ಸಾಕು. ಮತ ಹಾಕಿಸಿ ಆಮೇಲೆ ತಳ್ಳಿಹಾಕಿದರೆ ಎರಡನೇ ಸಲ ಯಾರೂ ಮನಸ್ಸಿಟ್ಟು ಮತ ಹಾಕುವುದಿಲ್ಲ. ಮತ್ತೆ, ಅವರು ಆರಿಸಿದ್ದು ನಿಮಗೆ ಸಪ್ಪೆ ಅನ್ನಿಸಬಹುದು. ರಕ್ತಪಿಶಾಚಿ ಪ್ರೇಮಕತೆಯನ್ನೂ ಗಂಭೀರವಾಗಿ ಓದಿ ಬನ್ನಿ. ಎಲ್ಲರಿಗೂ ಇಷ್ಟವಾದ ಒಳ್ಳೆಯ ಪುಸ್ತಕದ ಮೇಲೆ ಹತ್ತು ನಿಮಿಷ ಮಾತಾಡುವುದೂ ಕಷ್ಟ. ಅರ್ಧ ಮಂದಿ ದ್ವೇಷಿಸಿದ ಪುಸ್ತಕದ ಮೇಲೆ ಒಂದು ಗಂಟೆ ಸಾಲುವುದಿಲ್ಲ.

ಈಗ ಚರ್ಚೆಗೆ ಬರೋಣ. ಬಹುಪಾಲು ಭೇಟಿಗಳು ಕೆಡುವುದು ಇಲ್ಲೇ. ನೀವು ಯಾವ ಪ್ರಶ್ನೆ ಕೇಳುತ್ತೀರಿ ಅಂತ ಬರೆದಿಲ್ಲ, ಆದರೆ ಊಹಿಸಬಲ್ಲೆ. ‘ಈ ಕತೆಯ ಸಂದೇಶವೇನು?’ ‘ನಾಯಕಿಯ ಸ್ವಭಾವ ಹೇಗಿದೆ?’ ಇವು ಪರೀಕ್ಷೆಯ ಪ್ರಶ್ನೆಗಳು. ಇವಕ್ಕೆ ಸರಿಯುತ್ತರ ಇದೆ, ಅದು ಕೇಳುವವರಿಗೆ ಗೊತ್ತಿದೆ ಅಂತ ಮಕ್ಕಳು ತಕ್ಷಣ ಕಂಡುಹಿಡಿಯುತ್ತಾರೆ. ಆಮೇಲೆ ಅವರು ಯೋಚಿಸುವುದು ಪುಸ್ತಕದ ಬಗ್ಗೆ ಅಲ್ಲವೇ ಅಲ್ಲ, ನಿಮ್ಮ ಮನಸ್ಸಿನಲ್ಲಿ ಏನಿದೆ ಅನ್ನುವುದರ ಬಗ್ಗೆ.

ಇಂಗ್ಲೆಂಡಿನ ಲೇಖಕ, ಶಿಕ್ಷಕ ಏಡನ್ ಚೇಂಬರ್ಸ್ ಮಕ್ಕಳ ಜೊತೆ ಪುಸ್ತಕ ಮಾತಾಡಲು ನಾಲ್ಕು ಮೂಲ ಪ್ರಶ್ನೆ ಕೊಟ್ಟರು. ಏನು ಇಷ್ಟವಾಯಿತು? ಏನು ಇಷ್ಟವಾಗಲಿಲ್ಲ? ಏನು ಅರ್ಥವಾಗಲಿಲ್ಲ, ಗೊಂದಲವಾಯಿತು? ಏನಾದರೂ ಮತ್ತೆ ಮತ್ತೆ ಬಂದಿದ್ದು ಗಮನಿಸಿದಿರಾ? ನೋಡಲು ತುಂಬ ಸರಳ. ಆದರೆ ಮೂರನೆಯದರಲ್ಲಿ ಇಡೀ ಭೇಟಿ ಅಡಗಿದೆ. ಗೊಂದಲ ಹೇಳಿಕೊಳ್ಳುವುದಕ್ಕೆ ಇಲ್ಲಿ ಅನುಮತಿ ಇದೆ, ಅದಕ್ಕೊಂದು ಜಾಗವೇ ಇದೆ. ಒಬ್ಬಳು ‘ಅವನು ಆ ಪತ್ರ ಯಾಕೆ ಸುಟ್ಟ ಅಂತಲೇ ಗೊತ್ತಾಗಲಿಲ್ಲ’ ಅಂದಳು ಅಂದುಕೊಳ್ಳಿ. ನಿಮಗೆ ಉತ್ತರ ಗೊತ್ತಿದ್ದರೂ ಸುಮ್ನೆ ಇರಿ. ಇನ್ನೊಬ್ಬ ಪುಟ ತಿರುವಲು ಶುರು ಮಾಡುತ್ತಾನೆ. ಮೂರನೆಯವಳು ‘ಅದು ಹಾಗಲ್ಲ, ಅದಕ್ಕೆ ಮುಂಚೆ ಏನಾಯಿತು ನೋಡು’ ಎನ್ನುತ್ತಾಳೆ. ಬುಕ್ ಕ್ಲಬ್ ಅಂದರೆ ಇಷ್ಟೇ ನೋಡಿ. ಚೇಂಬರ್ಸ್ ‘ಯಾಕೆ?’ ಅಂತ ನೇರವಾಗಿ ಕೇಳುವುದನ್ನೂ ತಪ್ಪಿಸುತ್ತಿದ್ದರು, ಅದು ವಿಚಾರಣೆಯಂತೆ ಕೇಳಿಸುತ್ತದೆ ಅಂತ. ‘ಸ್ವಲ್ಪ ಬಿಡಿಸಿ ಹೇಳು’ ಅಂದರೆ ಅದೇ ಉತ್ತರ ಆರಾಮವಾಗಿ ಬರುತ್ತದೆ.

ಆಮೇಲೆ, ಕಾಯಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಮಾತುಕತೆಯನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಉತ್ತರಿಸುವ ಮಕ್ಕಳೂ ಹೆಚ್ಚಾದರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಒಮ್ಮೆ ಗಡಿಯಾರ ನೋಡಿಕೊಂಡು ಪ್ರಯತ್ನಿಸಿ. ಮೌನದಲ್ಲಿ ಮೊದಲು ಚಡಪಡಿಸುವುದು ದೊಡ್ಡವರೇ. ಹದಿಹರೆಯದವರ ಗುಂಪಿನಲ್ಲಿ ನಾನು ಇನ್ನೂ ಜಾಸ್ತಿ ಕಾಯಿರಿ ಎನ್ನುತ್ತೇನೆ. ಅವರು ಉತ್ತರದ ಜೊತೆಗೆ, ಹೇಳಿದರೆ ಯಾರಾದರೂ ನಗುತ್ತಾರಾ ಅನ್ನುವುದನ್ನೂ ಲೆಕ್ಕ ಹಾಕಬೇಕು ಪಾಪ.

ಪೂರ್ತಿ ಹೊತ್ತು ಮಾತಾಡುವ ಆ ಹುಡುಗನನ್ನು ಕಳೆದುಕೊಳ್ಳಬೇಡಿ. ಅವನನ್ನು ಎಲ್ಲರ ಮುಂದೆ ತಡೆದರೆ ಅವನೂ ಹೋಗುತ್ತಾನೆ, ನೋಡಿದವರೂ ಬಾಯಿ ಮುಚ್ಚುತ್ತಾರೆ. ಅವನಿಗೊಂದು ಕೆಲಸ ಕೊಡಿ. ಬಂದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯುವುದು ಅವನದು. ಬರೆಯುತ್ತಾ ಮಾತಾಡುವುದು ಕಷ್ಟ, ಜೊತೆಗೆ ಬೇರೆಯವರ ಮಾತು ಕೇಳಿಸಿಕೊಳ್ಳಲೇಬೇಕು. ಗುಂಪಿಗೆಲ್ಲ ಒಂದು ನಿಯಮವೂ ಇರಲಿ: ಒಮ್ಮೆ ಮಾತಾಡಿದವರು ಇನ್ನಿಬ್ಬರು ಮಾತಾಡುವ ತನಕ ತಡೆಯಬೇಕು. ಮೌನಿಗಳಿಗೆ ಚೀಟಿ ಸಹಾಯ ಮಾಡುತ್ತದೆ. ಬಂದ ಕೂಡಲೇ ಎಲ್ಲರೂ ಹೆಸರಿಲ್ಲದೆ ಒಂದು ಪ್ರಶ್ನೆ ಬರೆದು ಡಬ್ಬಿಗೆ ಹಾಕಲಿ, ಚರ್ಚೆ ಆ ಚೀಟಿಗಳಿಂದಲೇ ನಡೆಯಲಿ. ಇಬ್ಬಿಬ್ಬರಾಗಿ ಎರಡು ನಿಮಿಷ ಮಾತಾಡಿಸಿ ಆಮೇಲೆ ಗುಂಪಿಗೆ ತನ್ನಿ. ‘ನನಗೆ ಈಗ ಬೇಡ’ ಎನ್ನುವ ಹಕ್ಕೂ ಇರಲಿ. ಫೋನ್‌ಗಳ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೆ ಮಾತಿನಲ್ಲಿ ಪಾಲು ಸಿಕ್ಕ ದಿನ ಅವು ತಾವಾಗಿಯೇ ಮುಖ ಕೆಳಗಾಗುತ್ತವೆ.

13 ಮತ್ತು 17 ಒಂದೇ ಕೋಣೆಯಲ್ಲಿ ಇರುವುದು ನಿಮ್ಮ ಇನ್ನೊಂದು ತೊಡಕು. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾದ ಮಾರ್ಗಸೂಚಿ 12ರಿಂದ 18ರವರನ್ನು ಒಂದು ವರ್ಗವಾಗಿ ನೋಡುತ್ತದೆ. ಸೇವೆಯ ಯೋಜನೆ ಮಾಡಲು ಅದು ಸರಿ. ಚರ್ಚೆಗೆ ಅದು ತುಂಬ ಅಗಲವಾಯಿತು. ದೊಡ್ಡವರ ಮುಂದೆ ಚಿಕ್ಕವರು ಬಾಯಿ ಬಿಡುವುದಿಲ್ಲ, ಚಿಕ್ಕವರಿದ್ದಾರೆ ಅಂತ ದೊಡ್ಡವರು ಬರುವುದಿಲ್ಲ. ಹತ್ತು ಮಂದಿ ಆದ ಕೂಡಲೇ 14ರ ತನಕ ಒಂದು, ಮೇಲಿನವರಿಗೆ ಒಂದು ಅಂತ ಒಡೆಯಿರಿ. ಐವರಿರುವ ಎರಡು ಗುಂಪು ಹತ್ತು ಮಂದಿಯ ಒಂದಕ್ಕಿಂತ ವಾಸಿ. ಒಂದು ಗುಂಪಿನಲ್ಲೇ 12 ಮಂದಿ ದಾಟಿದರೆ, ಯಾವ ವಯಸ್ಸಿನವರಾದರೂ ಸರಿ, ಎರಡು ವೃತ್ತ ಮಾಡಿ.

ಬೆಳಿಗ್ಗೆ ಸಭೆ ಇಡಬೇಡಿ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಅದನ್ನು ಸೋಮಾರಿತನ ಅನ್ನುವುದು ಸರಿಯಲ್ಲ. ಮಧ್ಯಾಹ್ನದ ಮೇಲೆ ಒಂದು ಗಂಟೆ, ಹೆಚ್ಚೆಂದರೆ 75 ನಿಮಿಷ. ಪರೀಕ್ಷೆ ತಿಂಗಳಲ್ಲಿ ಪುಸ್ತಕ ಕೊಡಬೇಡಿ, ಆದರೆ ಬಾಗಿಲು ತೆರೆದಿರಲಿ. ಓದುವ ಹಾಲ್‌ನ ಮೂಲೆಯಲ್ಲಿ ಪಿಸುಗುಟ್ಟುತ್ತಾ ನಡೆಸುವ ಕ್ಲಬ್ ಉಳಿಯುವುದಿಲ್ಲ. ನಗಬಹುದಾದ, ವಾದ ಮಾಡಬಹುದಾದ ಒಂದು ಕೋಣೆ ಹುಡುಕಿ. ಗೋಲಾಗಿ ಕೂರಿ, ನಿಮ್ಮದೂ ಅದೇ ಥರದ ಕುರ್ಚಿ.

ಬಹುಮಾನ ಕೇಳಿದಿರಿ. ಬೇಡ ಎನ್ನುತ್ತೇನೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ ಚಿತ್ರ ಬಿಡಿಸಿದ ಮಕ್ಕಳು, ಕೆಲವು ದಿನಗಳ ನಂತರ ಬಹುಮಾನವಿಲ್ಲದ ಹೊತ್ತಿನಲ್ಲಿ ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯ ಮಾತ್ರ ಬಣ್ಣದ ಪೆನ್ನು ಮುಟ್ಟಿದರು. ಅವು ನರ್ಸರಿ ಮಕ್ಕಳು, ನಿಮ್ಮವರು ದೊಡ್ಡವರು, ನಿಜ. ಆದರೂ ‘ಐದು ಪುಸ್ತಕ ಓದಿದರೆ ಬಹುಮಾನ’ ಅಂದ ಕೂಡಲೇ ಮಕ್ಕಳು ಅತಿ ತೆಳ್ಳಗಿನ ಐದು ಪುಸ್ತಕ ಹುಡುಕುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಕೊಡಲೇಬೇಕು ಅನ್ನಿಸಿದರೆ ಹೇಳದೆ ಕೊಡಿ, ಎಲ್ಲರಿಗೂ ಕೊಡಿ.

ಅವರನ್ನು ಹಿಡಿದಿಡುವುದು ಅಧಿಕಾರ. ಲೈಬ್ರರಿಯ ಖರೀದಿಯಲ್ಲಿ ಒಂದು ಸಣ್ಣ ಪಾಲನ್ನು ಅವರ ಕೈಗೆ ಬಿಡಿ. ‘ಈ ಕಪಾಟಿಗೆ ಈ ಸಲ ಆರು ಪುಸ್ತಕ, ಯಾವುದು ಅಂತ ನೀವೇ ಹೇಳಿ’ ಅಂದುನೋಡಿ. ಆರು ಹೆಸರಿಗೆ ಅವರು ಅರವತ್ತು ಪುಸ್ತಕ ತಡಕಾಡುತ್ತಾರೆ. ಇಷ್ಟವಾದ ಪುಸ್ತಕದ ಕೆಳಗೆ ಅವರ ಕೈಬರಹದ ಎರಡು ಸಾಲಿನ ಚೀಟಿ ಅಂಟಿಸಲು ಬಿಡಿ. ಬೈಗುಳದ ವಿಮರ್ಶೆಯೂ ಇರಲಿ, ಅಂಥ ಪುಸ್ತಕಗಳೇ ಬೇಗ ಹೊರಗೆ ಹೋಗುವುದು ಒಂದು ತಮಾಷೆ. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎನ್ನುವುದು ಮೂರನೆಯದು. ಆ ಓದುಗನನ್ನು ಹುಡುಕುವುದರಲ್ಲಿ ಹದಿನೈದು ವರ್ಷದವರ ಚೀಟಿ ನಮ್ಮ ಪಟ್ಟಿಗಳಿಗಿಂತ ಮುಂದಿರುತ್ತದೆ. ಬ್ರಿಟನ್‌ನಲ್ಲಿ 1936ರಿಂದ ಮಕ್ಕಳ ಸಾಹಿತ್ಯಕ್ಕೆ ಕಾರ್ನೆಗಿ ಪದಕ ಕೊಡುತ್ತಾರೆ. ಅಲ್ಲಿನ ಶಾಲೆ, ಲೈಬ್ರರಿಗಳ ಓದುಗರ ಗುಂಪುಗಳು ಅಂತಿಮ ಪಟ್ಟಿಯ ಪುಸ್ತಕಗಳನ್ನು ತಾವೂ ಓದಿ ತಾವೂ ತೀರ್ಪು ಕೊಡುತ್ತವೆ. ತೀರ್ಪುಗಾರರು ಬೇರೆಯದನ್ನು ಆರಿಸಿದರೆ ಜಗಳ ಇನ್ನೂ ಸೊಗಸು. ಯಾವುದಾದರೂ ಪ್ರಶಸ್ತಿಯ ಪಟ್ಟಿ ಹಿಡಿದು ನೀವೂ ಇದನ್ನು ಮಾಡಬಹುದು. ಆರು ತಿಂಗಳೊಳಗೆ ಭೇಟಿ ನಡೆಸುವ ಸರದಿಯೂ ಮಕ್ಕಳದ್ದೇ ಆಗಲಿ. ಅವತ್ತು ಚರ್ಚೆ ಒಂದಿಷ್ಟು ಅಡ್ಡಾದಿಡ್ಡಿ ಹೋಗುತ್ತದೆ. ಮಧ್ಯೆ ಬಾಯಿ ಹಾಕಬೇಡಿ.

ಆಕ್ಷೇಪ ಎತ್ತಿದ ತಾಯಿಯ ವಿಷಯ. ಅವರ ಮಾತನ್ನು ಪೂರ್ತಿ ಕೇಳಿ, ಅಲ್ಲೇ ವಾದಕ್ಕೆ ಇಳಿಯಬೇಡಿ, ಅಲ್ಲೇ ಪುಸ್ತಕ ಹಿಂದೆ ತೆಗೆದುಕೊಳ್ಳುತ್ತೇನೆ ಎಂದೂ ಹೇಳಬೇಡಿ. ತಮ್ಮ ಮಗು ಏನು ಓದಬೇಕು ಅಂತ ಅವರು ಹೇಳಬಹುದು. ಬೇರೆ ಮಕ್ಕಳ ಬಗ್ಗೆ ಹೇಳಲು ಆಗುವುದಿಲ್ಲ. ನಿಮ್ಮ ಲೈಬ್ರರಿಯಲ್ಲಿ ಪುಸ್ತಕ ಆಯ್ಕೆಯ ನೀತಿ, ಆಕ್ಷೇಪಣೆಯ ಅರ್ಜಿ ಎರಡೂ ಬರವಣಿಗೆಯಲ್ಲಿ ಇರಬೇಕು. ಇಲ್ಲದಿದ್ದರೆ ಈ ವಾರವೇ ಮೇಲಧಿಕಾರಿಗಳ ಜೊತೆ ಕೂತು ಬರೆಯಿರಿ. ‘ಪುಸ್ತಕ ಪೂರ್ತಿ ಓದಿದ್ದೀರಾ, ಯಾವ ಪುಟ, ಏನು ತೊಂದರೆ’ ಎಂದು ಕೇಳುವ ಒಂದು ಅರ್ಜಿ ಎಷ್ಟೋ ಸಿಟ್ಟನ್ನು ಮಾತುಕತೆಗೆ ತಿರುಗಿಸುತ್ತದೆ. ಮುಂದಿನ ಪುಸ್ತಕಗಳ ಪಟ್ಟಿಯನ್ನು ಮನೆಯವರಿಗೆ ಮೊದಲೇ ಕಳಿಸಿ. ಭೇಟಿಯಲ್ಲಿ ಮಾತ್ರ ಅವರು ಕೂರುವುದು ಬೇಡ. ಯಾವ ಮಗು ಏನು ಹೇಳಿತು ಅಂತ ಅವರಿಗೆ ವರದಿಯೂ ಬೇಡ.

ಇದಕ್ಕೊಂದು ಅಪವಾದ ಇದೆ, ಅದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿರಿ. ಕತೆಯ ನೆಪದಲ್ಲಿ ಮಗು ತನ್ನ ಮನೆಯ ಹೊಡೆತದ ಬಗ್ಗೆ, ತನಗೇ ನೋವು ಮಾಡಿಕೊಳ್ಳುವ ಬಗ್ಗೆ ಹೇಳಿಬಿಡಬಹುದು. ‘ಯಾರಿಗೂ ಹೇಳುವುದಿಲ್ಲ’ ಅಂತ ಮಾತು ಕೊಡಬೇಡಿ. ಸಮಾಧಾನವಾಗಿ ಕೇಳಿ, ಕೆದಕಬೇಡಿ, ನಿಮ್ಮ ಸಂಸ್ಥೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅದೇ ದಿನ ತಿಳಿಸಿ. ಅವರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಮಾತ್ರ ಇರುವ ಸಂದರ್ಭ ಬರದಂತೆ ನೋಡಿಕೊಳ್ಳಿ. ವಾಟ್ಸಾಪ್ ಗುಂಪು ಮಾಡಿದರೂ ಅಷ್ಟೇ: ಇಬ್ಬರು ಸಿಬ್ಬಂದಿ ಇರಲಿ, ಮನೆಯವರ ಒಪ್ಪಿಗೆ ಇರಲಿ, ಮಕ್ಕಳಿಗೆ ಖಾಸಗಿ ಮೆಸೇಜ್ ಬೇಡ.

ಹೊಸಬರನ್ನು ಕರೆತರಲು ಪೋಸ್ಟರ್ ಮೇಲೆ ಭರವಸೆ ಇಡಬೇಡಿ. ಪೋಸ್ಟರ್ ಓದುವವರು ದೊಡ್ಡವರು. ನಿಮ್ಮ ನಾಲ್ವರಿಗೆ ‘ಮುಂದಿನ ಸಲ ಒಬ್ಬರನ್ನು ಕರೆದುಕೊಂಡು ಬನ್ನಿ, ಅವರು ಏನೂ ಓದಿರಬೇಕಾಗಿಲ್ಲ’ ಅಂತ ಹೇಳಿ. ಕೌಂಟರ್‌ಗೆ ಪುಸ್ತಕ ವಾಪಸ್ ಕೊಡಲು ಬರುವ ಹದಿಹರೆಯದವರನ್ನು ಹೆಸರು ಹಿಡಿದು ಕರೆಯಿರಿ. ಬಿಟ್ಟುಹೋದ ಹತ್ತು ಮಂದಿಗೂ ಒಂದು ಸಾಲು ಕಳಿಸಿ. ‘ಯಾಕೆ ಬರಲಿಲ್ಲ’ ಅನ್ನುವ ಧಾಟಿ ಬೇಡ, ‘ಈ ಸಲ ಪುಸ್ತಕ ಆರಿಸುವ ಮತದಾನ ಇದೆ, ಚೀಟಿ ಹಾಕಲು ಬನ್ನಿ’ ಅನ್ನಿ.

ಇನ್ನು ಮೇಲಧಿಕಾರಿಗಳು. ಸಂಖ್ಯೆ ಕೇಳುವುದು ಅವರ ಕೆಲಸ, ಅದಕ್ಕೆ ಬೇಸರ ಬೇಡ. ಆದರೆ ತಲೆ ಎಣಿಕೆ ಒಂದನ್ನೇ ಕೊಟ್ಟರೆ ನೀವು ಸೋಲುತ್ತೀರಿ. ಆರು ತಿಂಗಳ ಗಡುವು ಕೇಳಿ, ಬರವಣಿಗೆಯಲ್ಲಿ ಕೇಳಿ. ಅಷ್ಟರೊಳಗೆ ನಾಲ್ಕು ಲೆಕ್ಕ ಇಟ್ಟುಕೊಳ್ಳಿ: ಎಷ್ಟು ಮಂದಿ ಬಂದರು, ಅವರಲ್ಲಿ ಎಷ್ಟು ಮಂದಿ ಮೂರು ಸಲಕ್ಕಿಂತ ಹೆಚ್ಚು ಬಂದರು, ಕ್ಲಬ್‌ನಲ್ಲಿ ಮಾತಿಗೆ ಬಂದ ಪುಸ್ತಕಗಳು ಆಮೇಲೆ ಎಷ್ಟು ಸಲ ಎರವಲು ಹೋದವು, ಹದಿಹರೆಯದ ಹೊಸ ಸದಸ್ಯರು ಎಷ್ಟು. ಮೂರನೆಯ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲಿ ಈಗಲೇ ಇದೆ. ಕಳೆದ ಐದು ತಿಂಗಳ ಪುಸ್ತಕಗಳದ್ದು ಮೊದಲು ತೆಗೆದು ನೋಡಿ, ಯಾರು ಒಯ್ದರು ಅನ್ನುವ ಹೆಸರುಗಳನ್ನು ಬಿಟ್ಟು. ಸೋಮವಾರ ಅದನ್ನು ಹಿಡಿದುಕೊಂಡೇ ಅವರ ಕೋಣೆಗೆ ಹೋಗಿ.